ಸಾಂಕ್ರಾಮಿಕವೂ ಅರ್ಬುದ ಚಿಕಿತ್ಸೆಯೂ

ಪ್ಲೇಗು, ಕಾಲರಾ ಮೊದಲಾದ ಮಾರಿಗಳಿಂದ ಸತ್ತವರ ಲೆಕ್ಕವನ್ನು ನಾವು ಇತಿಹಾಸದ ಪುಸ್ತಕಗಳಲ್ಲಿ ಓದುತ್ತೇವೆ. ಅದೇ ಕಾಲದಲ್ಲಿ ಬೇರೆ ಕಾಯಿಲೆಯವರ ಗತಿ ಏನಾಯಿತೆಂಬುದನ್ನು ಬರೆದಿಟ್ಟವರು ಕಡಮೆ. 2020ರ ಕೋವಿಡ್ ವಿಷಯದಲ್ಲಾದರೋ ಅಂಥದೊಂದು ಲೆಕ್ಕ ನಮ್ಮ ದೇಶದಲ್ಲಿಯೇ ಸಿದ್ಧವಾಗಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ವೈದ್ಯನಲ್ಲ; ಅಂಕಿಗಳನ್ನು ಓದಬಲ್ಲೆನೆಂಬ ಧೈರ್ಯದಿಂದ ಈ ನಾಲ್ಕು ಮಾತು.

ಆ ವರ್ಷದ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತಷ್ಟೆ. ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಎಂಬ ಒಕ್ಕೂಟದ 41 ಆಸ್ಪತ್ರೆಗಳು ಮಾರ್ಚಿನಿಂದ ಮೇ ಕಡೆಯವರೆಗಿನ ತಮ್ಮ ದಾಖಲೆಗಳನ್ನು ಹಿಂದಿನ ವರ್ಷದ ಅದೇ ಮೂರು ತಿಂಗಳೊಡನೆ ಹೋಲಿಸಿ ನೋಡಿದವು. 2019ರಲ್ಲಿ 1,12,270 ಮಂದಿ ಹೊಸ ರೋಗಿಗಳು ಹೆಸರು ಬರೆಸಿದ್ದರು. 2020ರಲ್ಲಿ ಬಂದವರು 51,760. ದೊಡ್ಡ ಶಸ್ತ್ರಚಿಕಿತ್ಸೆಗಳು 17,120ರಿಂದ 8,677ಕ್ಕೆ ಇಳಿದವು. ರೋಗವೇನು ಅರ್ಧವಾಯಿತೇ? ಇಲ್ಲ, ರೋಗಿಗಳು ಮನೆಯಲ್ಲಿ ಉಳಿದರು.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ರಾಯಚೂರು, ಬಳ್ಳಾರಿಗಳ ಕಡೆಯಿಂದಲೂ ಜನ ಬರುತ್ತಾರೆ. ರೈಲಿಲ್ಲ, ಬಸ್ಸಿಲ್ಲ ಎಂದ ಮೇಲೆ ಅವರು ಬರುವುದು ಹೇಗೆ? ನಮ್ಮ ಬೀದಿಯಲ್ಲಿಯೇ ಹೊಗೆಸೊಪ್ಪು ಜಗಿಯುವ ಮುದುಕಿಯೊಬ್ಬಳು ಬಾಯ ಹುಣ್ಣಿಗೆ ಜೇನುತುಪ್ಪ ಸವರಿಕೊಂಡು ಬಸ್ಸಿಗಾಗಿ ಕಾದಳು. ಸರಕಾರಿ ಬಸ್ಸುಗಳು ಮತ್ತೆ ಓಡತೊಡಗಿದ್ದು ಮೇ 19ರಂದು. ಅಷ್ಟರಲ್ಲಿ ಆಕೆಗೆ ಬಾಯಿ ತೆರೆಯುವುದೇ ಕಷ್ಟವಾಗಿತ್ತು.

ಅರ್ಬುದದ ಸ್ವಭಾವವೇ ಹಾಗೆ; ಅದು ಸರಕಾರದ ಆಜ್ಞೆಗೆ ನಿಲ್ಲುವುದಲ್ಲ. ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಸಂಭವ ಶೇಕಡ 6ರಿಂದ 8ರಷ್ಟು ಹೆಚ್ಚುತ್ತದೆಂದು ಅದೇ 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ವೈದ್ಯರ ಸಂಕಟವೂ ಸಣ್ಣದಲ್ಲ. ಕೀಮೋಥೆರಪಿಯ ಔಷಧಿಗಳು ರೋಗದ ಕಣಗಳ ಜೊತೆಗೆ ರಕ್ತದ ಬಿಳಿಯ ಕಣಗಳನ್ನೂ ಕುಗ್ಗಿಸುತ್ತವೆ. ಅಂಥ ದೇಹಕ್ಕೆ ಸೋಂಕು ತಗುಲಿದರೆ ತಡೆಯುವವರಾರು? ಔಷಧಿ ಕೊಟ್ಟರೂ ಭಯ, ಬಿಟ್ಟರೂ ಭಯ. ಶಸ್ತ್ರಕ್ರಿಯೆಯಾದವರಿಗೆ ಬೇಕಾದ ತೀವ್ರ ನಿಗಾ ಹಾಸಿಗೆಗಳೇ ಕೋವಿಡ್ ರೋಗಿಗಳಿಗೂ ಬೇಕಾಗಿದ್ದವು.

ಈ ಲೆಕ್ಕದಲ್ಲಿ ನನ್ನ ಗಮನ ಸೆಳೆದ ಇನ್ನೊಂದು ಅಂಶವುಂಟು. ವಿಕಿರಣ ಚಿಕಿತ್ಸೆ ಪಡೆದವರು 51,142ರಿಂದ 39,365ಕ್ಕೆ, ಎಂದರೆ ಶೇಕಡ 23ರಷ್ಟು ಮಾತ್ರ ಇಳಿದರು. ವಾರಗಟ್ಟಲೆ ದಿನವೂ ಕೊಡುವ ಈ ಚಿಕಿತ್ಸೆಯನ್ನು ನಡುವೆ ನಿಲ್ಲಿಸಿದರೆ ಉಳಿದ ಅರ್ಬುದ ಕಣಗಳು ಮತ್ತೆ ಬೆಳೆಯುತ್ತವೆ. ಆದುದರಿಂದ ಆರಂಭಿಸಿದ್ದನ್ನು ಹೇಗಾದರೂ ಮುಗಿಸಲು ವೈದ್ಯರು ಹೆಣಗಿದರೆಂದು ನನ್ನ ಊಹೆ.

ಎಲ್ಲೆಡೆ ಶಸ್ತ್ರಚಿಕಿತ್ಸೆಗಳನ್ನು ಮುಂದೂಡುತ್ತಿದ್ದಾಗ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ ಕತ್ತರಿಯನ್ನು ಕೆಳಗಿಡಲಿಲ್ಲ. 2020ರ ಮಾರ್ಚ್ 23ರಿಂದ ಏಪ್ರಿಲ್ 30ರೊಳಗೆ ಅಲ್ಲಿ 494 ದೊಡ್ಡ ಶಸ್ತ್ರಚಿಕಿತ್ಸೆಗಳು ನಡೆದವು. ಆ ಬಳಿಕ ಅವರಲ್ಲಿ ಒಬ್ಬರೂ ಸಾಯಲಿಲ್ಲವೆಂದು ಅಲ್ಲಿನ ವೈದ್ಯರು ವರದಿ ಮಾಡಿದರು. ಸಾಂಕ್ರಾಮಿಕದ ನಡುವೆಯೂ ಎಚ್ಚರದಿಂದ ಕತ್ತಿ ಹಿಡಿಯಬಹುದೆಂದು ಇದರಿಂದ ತಿಳಿಯಿತು. ಆದರೆ ಇವರೆಲ್ಲ ಆಸ್ಪತ್ರೆಯ ಬಾಗಿಲನ್ನು ಮುಟ್ಟಿದವರು. ಸೇವೆಗಳ ಇಳಿತ ಸಣ್ಣ ಊರುಗಳಿಗಿಂತ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿಯೇ ಹೆಚ್ಚೆಂದು ಆ 41 ಆಸ್ಪತ್ರೆಗಳ ಲೆಕ್ಕ ಹೇಳುತ್ತದೆ. ದೂರದ ಹಳ್ಳಿಗಳವರು ಚಿಕಿತ್ಸೆಗಾಗಿ ಹೋಗುವುದೂ ಆ ನಗರಗಳಿಗೇ.