ಪರೀಕ್ಷೆಯ ಭಯ, ಮಾಯದ ಗಾಯ ಮತ್ತು ಒಂದು ಚಿಕ್ಕ ಮಾತ್ರೆ

ಮಾರ್ಚ್ ತಿಂಗಳು ಸಮೀಪಿಸಿದಂತೆ ಹತ್ತನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಹೆಚ್ಚುವುದನ್ನು ಆದೋನಿ, ಹೊಳಗುಂದ, ಕೌತಾಳ, ಹಾಲಹರವಿ ಕಡೆಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವವರೆಲ್ಲರೂ ಬಲ್ಲರು. ಒಬ್ಬನಿಗೆ ನೆಗಡಿ, ಮತ್ತೊಬ್ಬಳಿಗೆ ಬಾಯಿಹುಣ್ಣು, ಇನ್ನೊಬ್ಬನಿಗೆ ಬಿಡದ ಕೆಮ್ಮು. ಮನೆಯಲ್ಲಿ ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ಶಾಲೆಯಲ್ಲಿ ನಾವು, ಒಪ್ಪಿಕೊಳ್ಳಬೇಕಾದ ಮಾತಿದು, ‘ಓದಲಾರದ ನೆಪ’ ಎಂದು ಗದರಿಸುತ್ತೇವೆ. ಎಷ್ಟೋ ಸಲ ಅದು ನೆಪವಲ್ಲ. ಭಯವೂ ನಿದ್ರೆಗೇಡೂ ದೇಹದ ಕಾವಲು ಪಡೆಯನ್ನು ನಿಜವಾಗಿಯೂ ಸಡಿಲಿಸಬಲ್ಲವು.

ಇದನ್ನು ಅಳೆದು ತೋರಿಸಿದ ಒಂದು ಪ್ರಯೋಗವು ಅಮೆರಿಕದ ಓಹಾಯೋ ರಾಜ್ಯದಲ್ಲಿ ನಡೆಯಿತು. ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಅವರ ಸಹೋದ್ಯೋಗಿಗಳು ದಂತವೈದ್ಯಕೀಯ ಓದುತ್ತಿದ್ದ 11 ವಿದ್ಯಾರ್ಥಿಗಳ ಒಪ್ಪಿಗೆ ಪಡೆದು, ಅವರ ಅಂಗುಳಿನಲ್ಲಿ 3.5 ಮಿಲಿಮೀಟರ್ ಅಗಲದ ಪುಟ್ಟ ಗಾಯ ಮಾಡಿದರು. ಒಮ್ಮೆ ಬೇಸಗೆ ರಜೆಯಲ್ಲಿ, ಇನ್ನೊಮ್ಮೆ ಪರೀಕ್ಷೆಗೆ ಮೂರು ದಿನ ಮೊದಲು. 1998ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪರೀಕ್ಷೆಯ ಸಮಯದ ಗಾಯ ಮಾಯಲು ಸರಾಸರಿ ಮೂರು ದಿನ, ಅಂದರೆ ಶೇಕಡ 40ರಷ್ಟು ಹೆಚ್ಚು ಕಾಲ ಹಿಡಿಯಿತು. ರಜೆಯಲ್ಲಿ ಮಾಯ್ದಷ್ಟು ಬೇಗ ಒಬ್ಬರ ಗಾಯವೂ ಮಾಯಲಿಲ್ಲ. ಅದೇ ದೇಹ, ಅದೇ ಬಾಯಿ, ಅದೇ ಅಳತೆಯ ಗಾಯ, ಬದಲಾದದ್ದು ಕಾಲ.

ನಮ್ಮ ಪಠ್ಯಗಳಲ್ಲಿ ನರಮಂಡಲ ಒಂದು ಕಡೆ, ರೋಗನಿರೋಧಕ ಶಕ್ತಿ ಇನ್ನೊಂದು ಕಡೆ ಬರುವುದರಿಂದ ಮಕ್ಕಳಿಗೆ ಇವೆರಡರ ನಂಟು ತಿಳಿಯುವುದಿಲ್ಲ. ದೇಹದಲ್ಲಿ ಅವುಗಳ ನಡುವೆ ಎರಡು ಹಾದಿಗಳಿವೆ. ಮೊದಲನೆಯದು ನೇರ ಹಾದಿ. ಗುಲ್ಮ, ದುಗ್ಧಗ್ರಂಥಿ, ಮೂಳೆಯ ಮಜ್ಜೆ ಇವೆಲ್ಲ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳ ಠಾಣೆಗಳು. ಅವುಗಳೊಳಗೆ ನರತಂತುಗಳು ಹೋಗಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ಎರಡನೆಯದು ರಕ್ತದ ಹಾದಿ. ಮೆದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೂ, ಅದು ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತ ಅಡ್ರಿನಲ್ ಗ್ರಂಥಿಗೂ ಸಂದೇಶ ಕಳುಹಿಸುತ್ತದೆ. ಅಲ್ಲಿಂದ ಕಾರ್ಟಿಸೋಲ್ ಎಂಬ ಹಾರ್ಮೋನು ಹೊರಡುತ್ತದೆ. ಬಿಳಿ ಕಣಗಳಲ್ಲಿ ಈ ಎರಡು ಸಂದೇಶಗಳನ್ನೂ ಗ್ರಹಿಸುವ ಗ್ರಾಹಿಗಳಿವೆ.

ಅಲ್ಪಕಾಲದ ಭಯ ಕೆಟ್ಟದ್ದೇನಲ್ಲ. ಹೊಲದಲ್ಲಿ ಹಾವು ಕಂಡರೆ ಕೆಲವೇ ನಿಮಿಷಗಳಲ್ಲಿ ಬಿಳಿ ಕಣಗಳು ರಕ್ತಕ್ಕೆ ಧಾವಿಸಿ ಗಾಯಕ್ಕೆ ಸಿದ್ಧವಾಗುತ್ತವೆ. ಅನಂತರ ಕಾರ್ಟಿಸೋಲ್ ಬಂದು ಪಡೆಯನ್ನು ಶಾಂತಗೊಳಿಸುತ್ತದೆ; ಇಲ್ಲವಾದರೆ ಅದು ತನ್ನ ಅಂಗಾಂಗಗಳನ್ನೇ ಸುಟ್ಟೀತು. ತೊಂದರೆ ಹುಟ್ಟುವುದು ಭಯ ವಾರಗಟ್ಟಲೆ ಮುಂದುವರಿದಾಗ.

ಸಂದೇಶ ಹಿಂದಿರುಗಿಯೂ ಬರುತ್ತದೆ. ಜ್ವರ ಬಂದ ಮಗು ಆಟ ಬಿಟ್ಟು ಮೂಲೆ ಸೇರುತ್ತದೆ, ರೊಟ್ಟಿ ಬೇಡವೆನ್ನುತ್ತದೆ, ಸಿಡುಕುತ್ತದೆ. ಬಿಳಿ ಕಣಗಳು ಸ್ರವಿಸುವ ಸೈಟೊಕೈನ್‌ಗಳು ಮೆದುಳಿಗೆ ‘ಮಲಗು, ಶಕ್ತಿ ಉಳಿಸು’ ಎಂದು ಹೇಳುವುದರಿಂದ ಹೀಗಾಗುತ್ತದೆ. ಅಂಥ ಮಗುವನ್ನು ಪುಸ್ತಕದ ಮುಂದೆ ಕೂರಿಸುವುದು ವ್ಯರ್ಥ ಶ್ರಮ.

ನಿದ್ರೆಯ ವಿಷಯ ಇನ್ನೂ ಸ್ಪಷ್ಟ. 164 ಮಂದಿ ಆರೋಗ್ಯವಂತ ವಯಸ್ಕರ ಮೂಗಿಗೆ ನೆಗಡಿಯ ವೈರಾಣು ಹಾಕಿ ನೋಡಿದ 2015ರ ಅಮೆರಿಕದ ಅಧ್ಯಯನದಲ್ಲಿ, ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ನೆಗಡಿ ಹಿಡಿಯುವ ಸಂಭವವು ಏಳು ಗಂಟೆಗಿಂತ ಹೆಚ್ಚು ಮಲಗುವವರಿಗಿಂತ ನಾಲ್ಕು ಪಟ್ಟು ಅಧಿಕವಾಗಿತ್ತು. ನಸುಕಿನ ಮೂರಕ್ಕೇ ಮಕ್ಕಳನ್ನೆಬ್ಬಿಸಿ ಓದಿಸುವ ನಮ್ಮ ಪದ್ಧತಿಯನ್ನು ನಾವೇ ಮರುಪರಿಶೀಲಿಸಬೇಕು. ಸುಗ್ಗಿಗೆಂದು ಗುಂಟೂರಿನ ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಹೋದ ತಂದೆತಾಯಂದಿರಲ್ಲೂ ಒಂದು ವಿನಂತಿ: ಸಂಜೆ ಫೋನ್ ಮಾಡಿದಾಗ ಅಂಕಗಳ ಮಾತಿಗಿಂತ ಮುಂಚೆ ಊಟ, ನಿದ್ರೆ ವಿಚಾರಿಸಿರಿ. ಅಜ್ಜಿಯ ಬಳಿ ಉಳಿದ ಮಗುವಿನ ಭಯಕ್ಕೆ ಪರೀಕ್ಷೆಯೊಂದೇ ಕಾರಣವಲ್ಲ.

ಇಷ್ಟಾದರೂ ಧೈರ್ಯವೊಂದಿದ್ದರೆ ರೋಗ ಬಾರದೆಂದು ಯಾರೂ ತಿಳಿಯಬಾರದು. ಲಸಿಕೆ, ಶುದ್ಧ ನೀರು, ಹೊಟ್ಟೆ ತುಂಬ ಊಟ ಇವುಗಳ ಸ್ಥಾನವನ್ನು ಮನಸ್ಸು ತುಂಬಲಾರದು.

ಇನ್ನು ಮಾತ್ರೆಯ ವಿಚಾರ. ಇದನ್ನು ಹೇಳಲೆಂದೇ ಇಷ್ಟು ಪೀಠಿಕೆ. ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯ ಫಿಲಿಪ್ ಹೆಂಚ್, ಕೀಲುವಾತದಿಂದ ನರಳುವ ಹೆಂಗಸರಿಗೆ ಗರ್ಭ ನಿಂತಾಗ ನೋವು ಇಳಿಯುವುದನ್ನು ಗಮನಿಸಿದ್ದರು. ದೇಹದೊಳಗಿನ ಯಾವುದೋ ರಸ ಇದಕ್ಕೆ ಕಾರಣವೆಂದು ಊಹಿಸಿ, 1948ರಲ್ಲಿ ಅಡ್ರಿನಲ್ ಗ್ರಂಥಿಯ ಹಾರ್ಮೋನಾದ ಕಾರ್ಟಿಸೋನನ್ನು ರೋಗಿಯೊಬ್ಬರಿಗೆ ಕೊಟ್ಟರು. ಹಾಸಿಗೆ ಬಿಟ್ಟೇಳಲಾಗದಿದ್ದವರು ಕೆಲವೇ ದಿನಗಳಲ್ಲಿ ನಡೆದಾಡಿದರು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಪ್ರಶಸ್ತಿ ಬಂದಿತು. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಎಂಬ ಸ್ಟಿರಾಯ್ಡ್‌ಗಳು ಅದರ ವಂಶದವೇ.

ಇವು ಜೀವ ಉಳಿಸುವ ಔಷಧಗಳು. ಕೊರೋನಾ ಕಾಲದಲ್ಲಿ ಆಮ್ಲಜನಕದ ಅಗತ್ಯವಿದ್ದ ರೋಗಿಗಳಲ್ಲಿ ಡೆಕ್ಸಾಮೆಥಾಸೋನ್ ಸಾವನ್ನು ತಗ್ಗಿಸಿತೆಂದು 2020ರಲ್ಲಿ ಬ್ರಿಟನ್ನಿನ ಪ್ರಯೋಗ ತೋರಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಮರುವರ್ಷ ನಮ್ಮ ದೇಶದಲ್ಲಿ ಕಪ್ಪು ಶಿಲೀಂಧ್ರ ರೋಗ ಹಬ್ಬಿದಾಗ, ಸಕ್ಕರೆ ಕಾಯಿಲೆಯ ಜೊತೆಗೆ ಸ್ಟಿರಾಯ್ಡಿನ ಅತಿಬಳಕೆಯೂ ಕಾರಣಗಳಲ್ಲೊಂದೆಂದು ವೈದ್ಯರು ಎಚ್ಚರಿಸಿದರು. ಹಳ್ಳಿಗಳಲ್ಲಿ ಮೈಕೈ ನೋವಿಗೂ ಬಿಡದ ಜ್ವರಕ್ಕೂ ಕೊಡುವ ‘ಬೇಗ ಹಿಡಿಯುವ’ ಮಾತ್ರೆಯಲ್ಲಿ ಎಷ್ಟೋ ವೇಳೆ ಇದೇ ಇರುತ್ತದೆ. ನೋವು ಮಾಯವಾಗುತ್ತದೆ, ಹಸಿವು ಹೆಚ್ಚುತ್ತದೆ, ಔಷಧ ಕೊಟ್ಟವರಿಗೆ ಹೆಸರು ಬರುತ್ತದೆ. ತಿಂಗಳುಗಟ್ಟಲೆ ನುಂಗಿದರೆ ಮುಖ ಊದುತ್ತದೆ, ರಕ್ತದ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಮಲಗಿದ್ದ ಕ್ಷಯ ಎದ್ದು ಕೂರಬಹುದು. ಹಾಗೆಂದು ಗಾಬರಿಯಿಂದ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಹೊರಗಿನ ಹಾರ್ಮೋನಿಗೆ ಒಗ್ಗಿದ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತಿರುತ್ತದೆ. ವೈದ್ಯರ ನಿಗಾದಲ್ಲಿ ಕ್ರಮೇಣ ಇಳಿಸಬೇಕು. ಅಸ್ತಮಾದ ಮಕ್ಕಳು ಎಳೆದುಕೊಳ್ಳುವ ಔಷಧದ ಪ್ರಮಾಣ ಬಹು ಅಲ್ಪ. ಈ ಲೇಖನ ಓದಿ ಅದನ್ನು ಯಾರೂ ಬಿಡಬಾರದು.

ಔಷಧದ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ವಿವರಣೆ ತೆಲುಗಿನಲ್ಲಿ ಸಿಗುತ್ತದೆ. ಕನ್ನಡ ಮಾತ್ರ ಬಲ್ಲ ತಾಯಿ ತಲೆಯಾಡಿಸಿ ಬರುತ್ತಾಳೆ. ಗಡಿಯ ಈ ಮಂಡಲಗಳ ಆರೋಗ್ಯ ಕೇಂದ್ರಗಳಲ್ಲಿ ಕನ್ನಡದ ಸೂಚನಾ ಪತ್ರ ಬೇಕೆಂದು ನಾವು ಕೇಳುವುದು ಭಾಷಾಭಿಮಾನಕ್ಕಷ್ಟೇ ಅಲ್ಲ. ಅದು ಬರುವವರೆಗೆ, ಹೈಸ್ಕೂಲಿನ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯಿರಿ. ಮಾತ್ರೆಯ ಹಾಳೆಯ ಮೇಲೆ ‘ಸೋನ್’ ಅಥವಾ ‘ಲೋನ್’ ಎಂದು ಮುಗಿಯುವ ಹೆಸರಿದ್ದರೆ ಮಗು ಓದಿ ಹೇಳಲಿ. ಅನಂತರ ಔಷಧ ಕೊಟ್ಟವರನ್ನು ತೆಲುಗಿನಲ್ಲೇ ಕೇಳಲಿ: ‘ಇಂದುಲೋ ಸ್ಟಿರಾಯ್ಡ್ ಉಂದಾ ಅಂಡಿ? ಎನ್ನಿ ರೋಜುಲು ವಾಡಾಲಿ?’