ಶ್ರೋಣಿ ಅಂಗಗಳ ಜಾರುವಿಕೆ ಮತ್ತು ವ್ಯಾಯಾಮ ಚಿಕಿತ್ಸೆ

ಶ್ರೋಣಿ ಅಂಗಗಳ ಜಾರುವಿಕೆ ಎಂದರೆ ಸ್ತ್ರೀಯರ ಕಿಬ್ಬೊಟ್ಟೆಯ ತಳಭಾಗದಲ್ಲಿರುವ ಮೂತ್ರಕೋಶ, ಗರ್ಭಕೋಶ, ಗುದನಾಳ ಮುಂತಾದ ಅಂಗಗಳು ಸ್ವಸ್ಥಾನದಿಂದ ಕೆಳಗಿಳಿದು ಯೋನಿಯೊಳಕ್ಕೆ ಅಥವಾ ಯೋನಿದ್ವಾರದಿಂದ ಹೊರಕ್ಕೆ ಉಬ್ಬಿಕೊಳ್ಳುವ ಸ್ಥಿತಿ. ಆಡುಮಾತಿನಲ್ಲಿ ಇದನ್ನು ‘ಗರ್ಭಕೋಶ ಜಾರುವುದು’ ಎಂದು ಕರೆಯುತ್ತಾರೆ. ವೈದ್ಯರು ಬಳಸುವ ಹೆಸರು ‘ಪ್ರೊಲ್ಯಾಪ್ಸ್’. ಇದು ಪ್ರಾಣಾಪಾಯವನ್ನು ಉಂಟುಮಾಡುವುದು ಅಪರೂಪವಾದರೂ ನಡೆದಾಟ, ದುಡಿಮೆ, ಮಲಮೂತ್ರ ವಿಸರ್ಜನೆ ಹಾಗೂ ದಾಂಪತ್ಯ ಜೀವನಕ್ಕೆ ತೊಂದರೆ ಕೊಡುತ್ತದೆ. ಆರಂಭದ ಹಂತಗಳಲ್ಲಿ ಶ್ರೋಣಿತಳದ ವ್ಯಾಯಾಮ, ದೇಹಭಂಗಿಯ ಸುಧಾರಣೆ ಮತ್ತು ದಿನಚರಿಯ ಬದಲಾವಣೆಗಳಿಂದ ಇದರ ಲಕ್ಷಣಗಳನ್ನು ಗಣನೀಯವಾಗಿ ತಗ್ಗಿಸಬಹುದು. ಆದರೆ ಈ ವಿಧಾನಗಳಿಗೆ ಮಿತಿಗಳಿವೆ. ರೋಗದ ಹಂತವನ್ನು ಪರೀಕ್ಷೆಯಿಂದ ತಿಳಿದುಕೊಂಡ ನಂತರವೇ ಅವುಗಳನ್ನು ಕೈಗೊಳ್ಳುವುದು ಸೂಕ್ತ.

ದೇಹರಚನೆ

ಸೊಂಟದ ಮೂಳೆಗಳಿಂದಾದ ಬೋಗುಣಿಯಂಥ ಭಾಗವೇ ಶ್ರೋಣಿ. ಅದರ ತಳದಲ್ಲಿ ಮುಂದಿನ ಜಘನಾಸ್ಥಿಯಿಂದ ಹಿಂದಿನ ಬಾಲದೆಲುಬಿನವರೆಗೆ ತೊಟ್ಟಿಲಿನಂತೆ ಹರಡಿಕೊಂಡಿರುವ ಸ್ನಾಯುಗಳ ಪದರವನ್ನು ಶ್ರೋಣಿತಳ ಎನ್ನುತ್ತಾರೆ. ಇದರ ಮುಖ್ಯ ಭಾಗಕ್ಕೆ ‘ಲಿವೇಟರ್ ಏನೈ’ ಎಂದು ಹೆಸರು. ಮೂತ್ರನಾಳ, ಯೋನಿ ಮತ್ತು ಗುದನಾಳಗಳು ಈ ಪದರದ ನಡುವಿನ ತೆರಪಿನ ಮೂಲಕ ಹೊರಬರುತ್ತವೆ.

ಅಂಗಗಳು ಸ್ವಸ್ಥಾನದಲ್ಲಿ ನಿಲ್ಲಲು ಎರಡು ಬಗೆಯ ಆಧಾರಗಳಿವೆ. ಒಂದು, ಕೆಳಗಿನಿಂದ ಎತ್ತಿ ಹಿಡಿಯುವ ಸ್ನಾಯುಗಳು. ಇನ್ನೊಂದು, ಮೇಲಿನಿಂದಲೂ ಪಕ್ಕಗಳಿಂದಲೂ ಕಟ್ಟಿ ಹಿಡಿದಿರುವ ಬಂಧಕ ತಂತುಗಳು. ಸ್ನಾಯುಗಳು ಬಿಗಿಯಾಗಿದ್ದಾಗ ನಡುವಿನ ತೆರಪು ಮುಚ್ಚಿಕೊಂಡಿದ್ದು, ತಂತುಗಳ ಮೇಲೆ ಹೆಚ್ಚು ಭಾರ ಬೀಳುವುದಿಲ್ಲ. ಸ್ನಾಯುಗಳು ಸಡಿಲಗೊಂಡರೆ ಅಥವಾ ಹರಿದರೆ ಭಾರವೆಲ್ಲ ತಂತುಗಳ ಮೇಲೆ ಬಿದ್ದು, ಅವು ಕ್ರಮೇಣ ಹಿಗ್ಗುತ್ತವೆ. ವ್ಯಾಯಾಮವು ಸ್ನಾಯುಗಳನ್ನು ಬಲಪಡಿಸಬಲ್ಲದು. ಹಿಗ್ಗಿಹೋದ ತಂತುಗಳನ್ನು ಅದು ಮೊದಲಿನ ಅಳತೆಗೆ ತರಲಾರದು. ವ್ಯಾಯಾಮ ಚಿಕಿತ್ಸೆಯ ಶಕ್ತಿ ಮತ್ತು ಮಿತಿ ಎರಡಕ್ಕೂ ಇದೇ ಮೂಲ.

ವಿಧಗಳು ಮತ್ತು ಹಂತಗಳು

ಯೋನಿಯ ಮುಂಗೋಡೆಯ ಮೂಲಕ ಮೂತ್ರಕೋಶ ಉಬ್ಬಿಕೊಂಡರೆ ಅದನ್ನು ‘ಸಿಸ್ಟೊಸೀಲ್’ ಎಂದೂ, ಹಿಂಗೋಡೆಯ ಮೂಲಕ ಗುದನಾಳ ಉಬ್ಬಿಕೊಂಡರೆ ‘ರೆಕ್ಟೊಸೀಲ್’ ಎಂದೂ ಕರೆಯುತ್ತಾರೆ. ಗರ್ಭಕೋಶವೇ ಕೆಳಗಿಳಿಯುವುದು ಮೂರನೆಯ ವಿಧ. ಗರ್ಭಕೋಶವನ್ನು ತೆಗೆದುಹಾಕಿದ ಸ್ತ್ರೀಯರಲ್ಲಿ ಯೋನಿಯ ಮೇಲ್ತುದಿಯೇ ಜಾರಬಹುದು. ಆದುದರಿಂದ ಗರ್ಭಕೋಶ ತೆಗೆಸಿದ ಮಾತ್ರಕ್ಕೆ ಜಾರುವಿಕೆಯ ಸಾಧ್ಯತೆ ಇಲ್ಲವಾಗುವುದಿಲ್ಲ. ಒಬ್ಬರಲ್ಲೇ ಒಂದಕ್ಕಿಂತ ಹೆಚ್ಚು ವಿಧಗಳು ಕಾಣಿಸಿಕೊಳ್ಳುವುದೂ ಸಾಮಾನ್ಯ.

1996ರಲ್ಲಿ ರೂಪುಗೊಂಡ ‘ಪಿಒಪಿ-ಕ್ಯೂ’ ಎಂಬ ಅಳತೆಯ ಕ್ರಮದಲ್ಲಿ 0ಯಿಂದ 4ರವರೆಗೆ ಹಂತಗಳಿವೆ. 0 ಎಂದರೆ ಜಾರುವಿಕೆ ಇಲ್ಲ. 1ನೇ ಹಂತದಲ್ಲಿ ಇಳಿದ ಭಾಗವು ಯೋನಿದ್ವಾರದ ಅಂಚಿಗಿಂತ 1 ಸೆಂಟಿಮೀಟರಿಗೂ ಹೆಚ್ಚು ಮೇಲಿರುತ್ತದೆ. 2ನೇ ಹಂತದಲ್ಲಿ ಆ ಅಂಚಿನ ಮೇಲೆ ಅಥವಾ ಕೆಳಗೆ 1 ಸೆಂಟಿಮೀಟರಿನೊಳಗೆ ಇರುತ್ತದೆ. 3ನೇ ಹಂತದಲ್ಲಿ ಇನ್ನೂ ಹೊರಕ್ಕೆ ಬಂದಿರುತ್ತದೆ. 4ನೇ ಹಂತದಲ್ಲಿ ಯೋನಿಯು ಬಹುತೇಕ ಪೂರ್ಣವಾಗಿ ಹೊರಮಗುಚಿಕೊಂಡಿರುತ್ತದೆ.

ಲಕ್ಷಣಗಳು

ಕೆಳಗೇನೋ ಜಗ್ಗಿದಂತೆ ಅಥವಾ ಗಡ್ಡೆಯೊಂದು ಇಳಿದಂತೆ ಅನಿಸುವುದು ಮುಖ್ಯ ಲಕ್ಷಣ. ಬೆಳಿಗ್ಗೆ ಕಡಿಮೆಯಿದ್ದು, ದಿನವಿಡೀ ನಿಂತು ದುಡಿದ ಮೇಲೆ ಸಂಜೆಗೆ ಇದು ಹೆಚ್ಚುತ್ತದೆ, ಮಲಗಿದರೆ ತಗ್ಗುತ್ತದೆ. ಸೊಂಟನೋವು, ಮೂತ್ರ ಪೂರ್ತಿಯಾಗಿ ಹೋಗದಿರುವುದು, ಕೆಮ್ಮಿದಾಗ ಮೂತ್ರ ಸೋರುವುದು, ಮಲವಿಸರ್ಜನೆಗೆ ತಿಣುಕಬೇಕಾಗುವುದು ಇತರ ಲಕ್ಷಣಗಳು.

ಪರೀಕ್ಷೆಯಲ್ಲಿ ಕಾಣುವ ಜಾರುವಿಕೆಗೂ ಅನುಭವಕ್ಕೆ ಬರುವ ತೊಂದರೆಗೂ ಬಹಳ ಅಂತರವಿದೆ. ಅಮೆರಿಕದ 50ರಿಂದ 79 ವರ್ಷದ ಸ್ತ್ರೀಯರನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನದಲ್ಲಿ, ಗರ್ಭಕೋಶವಿದ್ದವರ ಪೈಕಿ ಶೇಕಡಾ 40ಕ್ಕೂ ಹೆಚ್ಚು ಮಂದಿಯಲ್ಲಿ ಯಾವುದಾದರೊಂದು ಪ್ರಮಾಣದ ಜಾರುವಿಕೆ ಕಂಡುಬಂದಿತು. ಅದೇ ದೇಶದಲ್ಲಿ 20 ವರ್ಷ ದಾಟಿದ ಸ್ತ್ರೀಯರನ್ನು ಕುರಿತು 2008ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಉಬ್ಬು ಕಾಣಿಸುತ್ತದೆ ಅಥವಾ ಅನುಭವಕ್ಕೆ ಬರುತ್ತದೆ ಎಂದವರು ಸುಮಾರು ಶೇಕಡಾ 3 ಮಾತ್ರ. ಈ ಎರಡು ಸಮೀಕ್ಷೆಗಳ ವಯೋಮಿತಿ ಬೇರೆಬೇರೆಯಾದರೂ, ಅಂಗವು ತುಸು ಇಳಿದ ಮಾತ್ರಕ್ಕೆ ಅದು ಕಾಯಿಲೆಯಾಗುವುದಿಲ್ಲ ಎಂಬುದನ್ನು ಅವು ಸೂಚಿಸುತ್ತವೆ. ತೊಂದರೆ ಇಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಅಗತ್ಯವೂ ಇರುವುದಿಲ್ಲ.

ಕಾರಣಗಳು

ಯೋನಿಯ ಮೂಲಕ ಆಗುವ ಹೆರಿಗೆ, ಅದರಲ್ಲೂ ಹಲವು ಹೆರಿಗೆಗಳು ಮತ್ತು ಇಕ್ಕಳ ಬಳಸಿ ಮಾಡಿಸಿದ ಹೆರಿಗೆ ಪ್ರಮುಖ ಕಾರಣಗಳು. ವಯಸ್ಸು, ಮುಟ್ಟು ನಿಂತ ನಂತರ ಈಸ್ಟ್ರೊಜೆನ್ ಕಡಿಮೆಯಾಗುವುದು, ಬೊಜ್ಜು, ದೀರ್ಘಕಾಲದ ಕೆಮ್ಮು, ಮಲಬದ್ಧತೆ, ಭಾರ ಎತ್ತುವ ದುಡಿಮೆ ಹಾಗೂ ಹುಟ್ಟಿನಿಂದಲೇ ತಂತುಗಳು ದುರ್ಬಲವಾಗಿರುವುದು ಉಳಿದ ಕಾರಣಗಳು.

ಇತಿಹಾಸ

ಈ ತೊಂದರೆ ಪ್ರಾಚೀನರಿಗೂ ತಿಳಿದಿತ್ತು. ಗ್ರೀಸಿನ ಹಿಪ್ಪೊಕ್ರೇಟಿಸನ ಪರಂಪರೆಯ ವೈದ್ಯರು ರೋಗಿಯನ್ನು ಏಣಿಗೆ ತಲೆಕೆಳಗಾಗಿ ಕಟ್ಟಿ ಅಲುಗಾಡಿಸುತ್ತಿದ್ದರು. ಒಳಗೆ ದಾಳಿಂಬೆಯ ಹೋಳನ್ನು ಇಡುವ ಪದ್ಧತಿಯೂ ಇತ್ತು. ಆಯುರ್ವೇದವು ಹೇಳುವ 20 ಯೋನಿವ್ಯಾಪತ್ತುಗಳಲ್ಲಿ ಸುಶ್ರುತ ಸಂಹಿತೆಯ ‘ಪ್ರಸ್ರಂಸಿನೀ’ ಎಂಬುದನ್ನು ವಿದ್ವಾಂಸರು ಗರ್ಭಕೋಶದ ಜಾರುವಿಕೆಯೊಂದಿಗೆ ಹೋಲಿಸುತ್ತಾರೆ.

ಆಧುನಿಕ ವ್ಯಾಯಾಮ ಚಿಕಿತ್ಸೆಯು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಅವರು 1948ರಲ್ಲಿ ಶ್ರೋಣಿತಳದ ಸ್ನಾಯುಗಳಿಗೆ ಕ್ರಮಬದ್ಧ ವ್ಯಾಯಾಮವನ್ನು ವಿವರಿಸಿ, ಬಿಗಿತದ ಒತ್ತಡವನ್ನು ಅಳೆಯುವ ‘ಪೆರಿನಿಯೋಮೀಟರ್’ ಎಂಬ ಉಪಕರಣವನ್ನು ಬಳಕೆಗೆ ತಂದರು. ಇಂದಿಗೂ ಈ ವ್ಯಾಯಾಮವನ್ನು ‘ಕೆಗೆಲ್ ವ್ಯಾಯಾಮ’ ಎಂದೇ ಕರೆಯುತ್ತಾರೆ. ಜಾರುವಿಕೆಯ ಚಿಕಿತ್ಸೆಗಾಗಿ ಯೋನಿಯ ಮೂಲಕ ಅಳವಡಿಸುತ್ತಿದ್ದ ಕೃತಕ ಜಾಲರಿಯ ಮಾರಾಟವನ್ನು ನಿಲ್ಲಿಸುವಂತೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2019ರ ಏಪ್ರಿಲ್‌ನಲ್ಲಿ ತಯಾರಕರಿಗೆ ಆದೇಶಿಸಿತು. ಅದೇ ತಿಂಗಳು ಬ್ರಿಟನ್ನಿನ ‘ನೈಸ್’ ಸಂಸ್ಥೆಯು ಹೊರಡಿಸಿದ ಮಾರ್ಗಸೂಚಿಯು, 1 ಮತ್ತು 2ನೇ ಹಂತದ ಜಾರುವಿಕೆಯಿಂದ ತೊಂದರೆಯಿರುವವರಿಗೆ ಮೊದಲ ಆಯ್ಕೆಯಾಗಿ ಕನಿಷ್ಠ 16 ವಾರಗಳ, ತಜ್ಞರ ಮೇಲ್ವಿಚಾರಣೆಯ ವ್ಯಾಯಾಮವನ್ನು ಪರಿಗಣಿಸಬೇಕೆಂದು ಹೇಳಿತು.

ಶ್ರೋಣಿತಳದ ವ್ಯಾಯಾಮ

ಮೂತ್ರ ಮತ್ತು ಅಪಾನವಾಯುವನ್ನು ಒಟ್ಟಿಗೆ ತಡೆಹಿಡಿಯುವಾಗ ಬಿಗಿಯಾಗುವ ಸ್ನಾಯುಗಳೇ ಈ ವ್ಯಾಯಾಮದ ಗುರಿ. ಅವುಗಳನ್ನು ಒಳಮುಖವಾಗಿ, ಮೇಲ್ಮುಖವಾಗಿ ಸೆಳೆದುಕೊಳ್ಳಬೇಕು. ಹೊಟ್ಟೆ, ತೊಡೆ ಮತ್ತು ಪೃಷ್ಠಗಳನ್ನು ಬಿಗಿ ಮಾಡಬಾರದು, ಉಸಿರು ಸಹಜವಾಗಿರಬೇಕು. ಸಾಮಾನ್ಯವಾಗಿ ಹೇಳಿಕೊಡುವ ಕ್ರಮ ಹೀಗಿದೆ:

1. ಮೊದಲು ಮಂಡಿ ಮಡಚಿ ಅಂಗಾತ ಮಲಗಿ ಅಭ್ಯಾಸ ಮಾಡಬೇಕು. ಹಿಡಿತ ಸಿಕ್ಕ ಮೇಲೆ ಕುಳಿತು, ಅನಂತರ ನಿಂತು ಮಾಡಬೇಕು.
2. ಸ್ನಾಯುಗಳನ್ನು ಬಿಗಿಹಿಡಿದು ಕೆಲವು ಸೆಕೆಂಡು ಇದ್ದು, ಅಷ್ಟೇ ಹೊತ್ತು ಪೂರ್ಣವಾಗಿ ಸಡಿಲ ಬಿಡಬೇಕು. ಹಿಡಿತದ ಅವಧಿಯನ್ನು ವಾರಗಳು ಕಳೆದಂತೆ 10 ಸೆಕೆಂಡಿನವರೆಗೆ ಹೆಚ್ಚಿಸಬಹುದು.
3. ಹೀಗೆ 8ರಿಂದ 10 ಬಾರಿ ಮಾಡಿದ ಬಳಿಕ, ಬೇಗಬೇಗನೆ ಬಿಗಿದು ಬಿಡುವ ಕ್ರಿಯೆಯನ್ನು ಅಷ್ಟೇ ಬಾರಿ ಮಾಡಬೇಕು.
4. ಇದನ್ನು ದಿನಕ್ಕೆ ಮೂರು ಸಲ ಅಭ್ಯಾಸ ಮಾಡಬೇಕು. ಫಲ ಕಾಣಲು ಮೂರರಿಂದ ನಾಲ್ಕು ತಿಂಗಳು ಬೇಕಾಗುತ್ತದೆ.
5. ಕೆಮ್ಮುವ, ಸೀನುವ ಅಥವಾ ಭಾರ ಎತ್ತುವ ಮುನ್ನ ಈ ಸ್ನಾಯುಗಳನ್ನು ಬಿಗಿಹಿಡಿಯುವುದನ್ನು ರೂಢಿಸಿಕೊಳ್ಳಬೇಕು.

ಮೂತ್ರ ಮಾಡುತ್ತಿರುವಾಗ ನಡುವೆ ತಡೆಹಿಡಿಯುವುದನ್ನೇ ವ್ಯಾಯಾಮವಾಗಿ ಮಾಡಬಾರದು. ಅದರಿಂದ ಮೂತ್ರಕೋಶವು ಪೂರ್ತಿಯಾಗಿ ಬರಿದಾಗದೆ ಉಳಿಯಬಹುದು.

ಬಾಯಿಮಾತಿನ ಸೂಚನೆಯಷ್ಟೇ ಇದಕ್ಕೆ ಸಾಲದು. 1991ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ 47 ಸ್ತ್ರೀಯರಿಗೆ ಮೌಖಿಕವಾಗಿ ಹೇಳಿಕೊಟ್ಟಾಗ ಸರಿಯಾಗಿ ಮಾಡಿದವರು ಅರ್ಧದಷ್ಟು ಮಂದಿ ಮಾತ್ರ. ಕಾಲು ಭಾಗದಷ್ಟು ಮಂದಿಯ ವಿಧಾನವು ಮೂತ್ರ ಸೋರಿಕೆಯನ್ನು ಹೆಚ್ಚಿಸಬಹುದಾದಂಥದ್ದಾಗಿತ್ತು. ಮೇಲಕ್ಕೆ ಸೆಳೆಯುವ ಬದಲು ಕೆಳಕ್ಕೆ ಮುಕ್ಕಿದರೆ ಜಾರುವಿಕೆ ಉಲ್ಬಣಿಸುವ ಸಂಭವವಿದೆ. ಆದ್ದರಿಂದ ಆರಂಭದಲ್ಲಿ ಒಮ್ಮೆಯಾದರೂ ಸ್ತ್ರೀರೋಗ ತಜ್ಞರಿಂದ ಅಥವಾ ಈ ವಿಷಯದಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿ ತಜ್ಞರಿಂದ ಪರೀಕ್ಷಿಸಿಕೊಂಡು ಕಲಿಯುವುದು ಅಗತ್ಯ.

ದೇಹಭಂಗಿ

ನೆಟ್ಟಗೆ ನಿಂತಾಗ ಶ್ರೋಣಿಯು ಮುಂದಕ್ಕೆ ವಾಲಿರುತ್ತದೆ. ಕೆಳಬೆನ್ನಿನ ಸಹಜ ಬಾಗು ಇದಕ್ಕೆ ಆಸರೆ. ಇದರಿಂದ ಹೊಟ್ಟೆಯೊಳಗಿನ ಭಾರದ ಬಹುಪಾಲು ಮುಂದಿನ ಜಘನಾಸ್ಥಿ ಮತ್ತು ಹೊಟ್ಟೆಯ ಗೋಡೆಯ ಕಡೆಗೆ ಹೋಗುತ್ತದೆ. ಬೆನ್ನು ಗೂನಾಗಿ ಈ ಬಾಗು ಕಡಿಮೆಯಾದರೆ ಭಾರವು ಹೆಚ್ಚು ನೇರವಾಗಿ ಶ್ರೋಣಿತಳದ ತೆರಪಿನ ಮೇಲೆ ಬೀಳುತ್ತದೆ ಎಂಬುದು ಭಂಗಿ ಚಿಕಿತ್ಸೆಯ ತಳಹದಿ. 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಬೆನ್ನಿನ ಬಾಗಿನ ವ್ಯತ್ಯಾಸಕ್ಕೂ ಜಾರುವಿಕೆಗೂ ಸಂಬಂಧ ಗುರುತಿಸಿತು. ಮುದುರಿ ಕುಳಿತಾಗ ಇರುವುದಕ್ಕಿಂತ ಆಸರೆಯಿಲ್ಲದೆ ನೆಟ್ಟಗೆ ಕುಳಿತಾಗ ಶ್ರೋಣಿತಳದ ಸ್ನಾಯುಗಳು ಹೆಚ್ಚು ಚಟುವಟಿಕೆಯಿಂದಿರುತ್ತವೆ ಎಂದು 2006ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿದರು.

ಇವು ಸಂಬಂಧವನ್ನು ತೋರಿಸುತ್ತವೆಯೇ ಹೊರತು, ಭಂಗಿಯನ್ನು ತಿದ್ದಿಕೊಂಡರೆ ಇಳಿದ ಅಂಗವು ಮೇಲೇರುತ್ತದೆ ಎಂದು ಸಾಬೀತುಪಡಿಸುವುದಿಲ್ಲ. ಆದುದರಿಂದ ಭಂಗಿಯ ಸುಧಾರಣೆಯನ್ನು ವ್ಯಾಯಾಮಕ್ಕೆ ಪೂರಕವಾಗಿ ಪರಿಗಣಿಸಬೇಕು. ನಿಂತಾಗ ಎದೆಯನ್ನು ತುಸು ಎತ್ತಿ, ಹೊಟ್ಟೆಯನ್ನು ಬಲವಂತವಾಗಿ ಒಳಗೆಳೆಯದೆ ಇರುವುದು, ದೀರ್ಘಕಾಲ ಒಂದೇ ಕಡೆ ನಿಲ್ಲದಿರುವುದು, ದುಡಿಮೆಯ ನಡುವೆ ಸ್ವಲ್ಪ ಹೊತ್ತು ಸೊಂಟದ ಕೆಳಗೆ ದಿಂಬಿಟ್ಟು ಮಲಗುವುದು ಹಿತಕರ.

ಯೋಗದ ಮೂಲಬಂಧವು ಶ್ರೋಣಿತಳದ ಬಿಗಿತಕ್ಕೆ ಬಹುಮಟ್ಟಿಗೆ ಹತ್ತಿರವಾದ ಕ್ರಿಯೆ. ಸೇತುಬಂಧಾಸನದಂಥ ಸೊಂಟ ಎತ್ತರಿಸುವ ಆಸನಗಳಿಂದ ಜಗ್ಗುವಿಕೆ ತಾತ್ಕಾಲಿಕವಾಗಿ ತಗ್ಗುತ್ತದೆ. ಎದ್ದು ನಿಂತ ಮೇಲೆ ಅಂಗವು ಮತ್ತೆ ಇಳಿಯಬಹುದು.

ದಿನಚರಿಯಲ್ಲಿ ಗಮನಿಸಬೇಕಾದವು

ಮಲವಿಸರ್ಜನೆಗೆ ತಿಣುಕಬಾರದು. ನೀರು, ಸೊಪ್ಪು, ತರಕಾರಿ, ಹಣ್ಣು ಹಾಗೂ ರಾಗಿಯಂಥ ನಾರಿನಂಶದ ಧಾನ್ಯಗಳು ಮಲಬದ್ಧತೆಯನ್ನು ತಡೆಯಲು ನೆರವಾಗುತ್ತವೆ. ಕುರ್ಚಿಯಂಥ ಶೌಚಾಸನ ಬಳಸುವವರು ಪಾದದ ಕೆಳಗೆ ಮಣೆ ಇಟ್ಟುಕೊಂಡು ಮುಂದಕ್ಕೆ ಬಾಗಿದರೆ ಗುದನಾಳದ ತಿರುವು ನೇರವಾಗಿ ವಿಸರ್ಜನೆ ಸುಲಭವಾಗುತ್ತದೆ.

ತುಂಬಿದ ಕೊಡ, ಸೌದೆಯ ಹೊರೆ, ಮೂಟೆಗಳನ್ನು ಸಾಧ್ಯವಾದಷ್ಟು ಎತ್ತಬಾರದು. ಎತ್ತಲೇಬೇಕಾದಾಗ ಭಾರವನ್ನು ಮೈಗೆ ಹತ್ತಿರ ಹಿಡಿದು, ಮಂಡಿ ಬಾಗಿಸಿ, ಉಸಿರು ಬಿಗಿಹಿಡಿಯದೆ ಹೊರಬಿಡುತ್ತಾ ಏಳಬೇಕು. ಹೊಗೆಸೊಪ್ಪಿನ ಸೇವನೆ, ಒಲೆಯ ಹೊಗೆ ಮುಂತಾದ ಕೆಮ್ಮಿನ ಕಾರಣಗಳನ್ನು ದೂರವಿಡಬೇಕು. ಬೊಜ್ಜಿದ್ದರೆ ತೂಕ ಇಳಿಸಬೇಕು.

ಪರಿಣಾಮ

ಬ್ರಿಟನ್, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯದ 447 ಸ್ತ್ರೀಯರನ್ನು ಒಳಗೊಂಡು ನಡೆದ ‘ಪಾಪಿ’ ಎಂಬ ಪ್ರಯೋಗದ ಫಲಿತಾಂಶವು 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ವ್ಯಾಯಾಮ ಕಲಿಸಿದ ಗುಂಪಿನಲ್ಲಿ 12 ತಿಂಗಳ ನಂತರ ಲಕ್ಷಣಗಳು ಹೆಚ್ಚು ತಗ್ಗಿದ್ದವು. 2010ರಲ್ಲಿ ನಾರ್ವೆಯಿಂದ ಪ್ರಕಟವಾದ, 109 ಸ್ತ್ರೀಯರ ಪ್ರಯೋಗದಲ್ಲಿ ಆರು ತಿಂಗಳ ವ್ಯಾಯಾಮದ ಬಳಿಕ ಶೇಕಡಾ 19 ಮಂದಿಯಲ್ಲಿ ಜಾರುವಿಕೆ ಒಂದು ಹಂತ ಕಡಿಮೆಯಾಯಿತು. ವ್ಯಾಯಾಮ ತರಬೇತಿಯಿಲ್ಲದ ಗುಂಪಿನಲ್ಲಿ ಹಾಗಾದದ್ದು ಶೇಕಡಾ 8 ಮಂದಿಯಲ್ಲಿ. ಹೀಗಾಗಿ ವ್ಯಾಯಾಮದಿಂದ ತೊಂದರೆ ತಗ್ಗುವ ನಿರೀಕ್ಷೆ ಸಮಂಜಸವಾದುದು. ಅಂಗವು ಸಂಪೂರ್ಣವಾಗಿ ಸ್ವಸ್ಥಾನಕ್ಕೆ ಮರಳುವ ನಿರೀಕ್ಷೆ ಸಮಂಜಸವಲ್ಲ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಮೂತ್ರ ಕಟ್ಟಿಕೊಳ್ಳುವುದು, ಮುಟ್ಟು ನಿಂತ ನಂತರ ರಕ್ತಸ್ರಾವ, ಹೊರಬಂದ ಭಾಗದಲ್ಲಿ ಹುಣ್ಣು, ದುರ್ವಾಸನೆಯ ಸ್ರಾವ, ಪದೇಪದೇ ಮೂತ್ರದ ಸೋಂಕು ಅಥವಾ ಹೊರಬಂದ ಭಾಗ ಒಳಹೋಗದಿರುವುದು ಕಂಡುಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ತೀವ್ರ ಹಂತದ ಜಾರುವಿಕೆಯು ಮೂತ್ರನಾಳಗಳನ್ನು ಅದುಮಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು. ವ್ಯಾಯಾಮ ಸಾಲದಾದಾಗ ಯೋನಿಯೊಳಗೆ ಇಡುವ ‘ಪೆಸರಿ’ ಎಂಬ ಸಿಲಿಕೋನ್ ಬಳೆಯು ಶಸ್ತ್ರಚಿಕಿತ್ಸೆಯಿಲ್ಲದ ಇನ್ನೊಂದು ಉಪಾಯ. ಅದನ್ನು ನಿಯತವಾಗಿ ಪರೀಕ್ಷಿಸಿಕೊಳ್ಳಬೇಕು. ಕೊನೆಯ ಆಯ್ಕೆ ಶಸ್ತ್ರಚಿಕಿತ್ಸೆ.

ಸಾಮಾಜಿಕ ಹಿನ್ನೆಲೆ

ಜಾರುವಿಕೆಯನ್ನು ಹೇಳಿಕೊಳ್ಳಲು ಸಂಕೋಚಪಡುವುದು ಎಲ್ಲ ಸಮಾಜಗಳಲ್ಲೂ ಚಿಕಿತ್ಸೆಗೆ ಅಡ್ಡಿಯಾಗಿದೆ. ನೇಪಾಳದಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ಭಾರದ ದುಡಿಮೆಗೆ ಮರಳಬೇಕಾದ ಸ್ತ್ರೀಯರಲ್ಲಿ ಇದು ವ್ಯಾಪಕವಾಗಿದ್ದು, 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಇದನ್ನು ಸಂತಾನೋತ್ಪತ್ತಿ ಆರೋಗ್ಯದ ಹಕ್ಕಿನ ಪ್ರಶ್ನೆಯೆಂದು ಪರಿಗಣಿಸಿ ಸರ್ಕಾರಕ್ಕೆ ನಿರ್ದೇಶನ ನೀಡಿತು. 2014ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯು ಈ ಕುರಿತು ವರದಿ ಪ್ರಕಟಿಸಿತು. ಕರ್ನಾಟಕದ ಮನೆಗಳಲ್ಲಿ ರೂಢಿಯಲ್ಲಿರುವ ಬಾಣಂತನವು ಹೆರಿಗೆಯ ನಂತರ ಭಾರದ ಕೆಲಸದಿಂದ ಬಿಡುವು ಕೊಡುತ್ತದೆ. ಆದರೆ ದಿನಗೂಲಿಯನ್ನೇ ನಂಬಿದ ಸ್ತ್ರೀಯರಿಗೆ ಆ ಬಿಡುವು ಪೂರ್ಣವಾಗಿ ದೊರೆಯುವುದಿಲ್ಲ. ಹೆರಿಗೆಯ ನಂತರದ ತಪಾಸಣೆಯಲ್ಲೇ ಶ್ರೋಣಿತಳದ ವ್ಯಾಯಾಮವನ್ನು ಕಲಿಸಿದರೆ ತೊಂದರೆಯನ್ನು ಆರಂಭದಲ್ಲೇ ಗುರುತಿಸಿ ನಿಭಾಯಿಸಲು ಸಾಧ್ಯವಾಗುತ್ತದೆ.