ಪಾಡ್‌ಕಾಸ್ಟ್ ಕೇಳಲು ವಿಳಾಸ ಒಂದಿದ್ದರೆ ಸಾಕು

ರೇಡಿಯೊ ಕಾರ್ಯಕ್ರಮಕ್ಕೆ ಹೊತ್ತು ಗೊತ್ತು. ಏಳೂವರೆಯ ಕಾರ್ಯಕ್ರಮ ಬೇಕಿದ್ದರೆ ಏಳೂವರೆಗೇ ರೇಡಿಯೊ ಮುಂದಿರಬೇಕು. ಪಾಡ್‌ಕಾಸ್ಟ್‌ಗೆ ಈ ಕಟ್ಟುಪಾಡಿಲ್ಲ. ಬಸ್ಸಿನಲ್ಲಿ ಕೂತಾಗಲೋ ಪಾತ್ರೆ ತೊಳೆಯುವಾಗಲೋ ಗುಂಡಿ ಒತ್ತಿದರೆ ಮಾತು ಶುರು. ಬಹಳ ಮಂದಿ ಇದನ್ನು ಯಾವುದೋ ಒಂದು ಆ್ಯಪ್‌ನ ಸೌಲಭ್ಯ ಎಂದು ತಿಳಿದಿದ್ದಾರೆ. ನಿಜಕ್ಕೂ ಇದರಲ್ಲಿರುವುದು ಎರಡೇ ವಸ್ತು: ಅಂತರಜಾಲದಲ್ಲಿ ಎಲ್ಲೋ ಇಟ್ಟಿರುವ ಒಂದು ಧ್ವನಿ ಕಡತ, ಆ ಕಡತ ಎಲ್ಲಿದೆಯೆಂದು ಹೇಳುವ ಒಂದು ಪಟ್ಟಿ. ಈ ಎರಡನ್ನು ಅರಿತವರು ಯಾವ ಕಂಪನಿಯ ಹಂಗೂ ಇಲ್ಲದೆ ಕೇಳಬಹುದು.

ಆ ಪಟ್ಟಿಗೆ ಫೀಡ್ ಎನ್ನುತ್ತಾರೆ. ಅದನ್ನು ಬರೆಯುವ ಕ್ರಮಕ್ಕೆ ಆರ್‌ಎಸ್‌ಎಸ್ ಎಂದು ಹೆಸರು. ಫೀಡ್ ಎಂದರೆ ಬರೀ ಅಕ್ಷರಗಳ ಸಾಲು. ಮೇಲ್ಗಡೆ ಕಾರ್ಯಕ್ರಮದ ಹೆಸರು, ಭಾಷೆ, ಮುಖಚಿತ್ರದ ವಿಳಾಸ. ಅದರ ಕೆಳಗೆ ಒಂದೊಂದು ಕಂತಿಗೂ ಶೀರ್ಷಿಕೆ, ದಿನಾಂಕ, ಪುಟ್ಟ ವಿವರಣೆ. ಇವುಗಳ ನಡುವೆ ‘ಎನ್‌ಕ್ಲೋಷರ್’ ಎಂಬ ಒಂದು ಸಾಲು ಇರುತ್ತದೆ. ಪಾಡ್‌ಕಾಸ್ಟ್‌ನ ಜೀವವೆಲ್ಲ ಅಲ್ಲಿದೆ. ಧ್ವನಿ ಕಡತದ ವಿಳಾಸವೇನು, ಅದು ಎಷ್ಟು ಬೈಟ್ ದೊಡ್ಡದು, ಯಾವ ಬಗೆಯದು ಎಂಬ ಮೂರೇ ಸಂಗತಿಯನ್ನು ಆ ಸಾಲು ಹೇಳುತ್ತದೆ. ಪಂಚಾಯಿತಿ ಕಚೇರಿಯ ಸೂಚನಾ ಫಲಕವನ್ನು ನಾವೇ ಹೋಗಿ ನೋಡಿಬರುವ ಹಾಗೆ, ನಿಮ್ಮ ಆ್ಯಪ್ ಆಗಾಗ ಫೀಡಿನ ವಿಳಾಸಕ್ಕೆ ಹೋಗಿ ಹೊಸ ಕಂತು ಬಂದಿದೆಯೇ ಎಂದು ನೋಡುತ್ತದೆ. ಬಂದಿದ್ದರೆ ಎನ್‌ಕ್ಲೋಷರ್ ಸಾಲು ಓದಿ ಕಡತವನ್ನು ತರುತ್ತದೆ. ‘ಫಾಲೋ’ ಅಥವಾ ‘ಸಬ್‌ಸ್ಕ್ರೈಬ್’ ಒತ್ತಿದಾಗ ನಡೆಯುವುದು ಇಷ್ಟೇ.

ಈ ಸಾಲನ್ನು ಆರ್‌ಎಸ್‌ಎಸ್‌ಗೆ ಸೇರಿಸಿದವರು ಅಮೆರಿಕದ ತಂತ್ರಾಂಶಕಾರ ಡೇವ್ ವೈನರ್, 2000ದ ಡಿಸೆಂಬರಿನಲ್ಲಿ. ಹೀಗೊಂದು ವ್ಯವಸ್ಥೆ ಬೇಕೆಂದು ಅವರ ಬೆನ್ನು ಹತ್ತಿದ್ದವರು ಎಂಟಿವಿಯ ನಿರೂಪಕರಾಗಿದ್ದ ಆ್ಯಡಮ್ ಕರಿ. ಆಗಿನ ಅಂತರಜಾಲ ಆಮೆವೇಗದ್ದು. ಕೇಳುಗ ಬೇರೆ ಕೆಲಸದಲ್ಲಿರುವಾಗಲೇ ಕಡತ ಹಿನ್ನೆಲೆಯಲ್ಲಿ ಇಳಿದಿರಲಿ, ಅವನು ಕಾಯುವಂತಾಗಬಾರದು ಎಂಬುದು ಕರಿಯವರ ಆಲೋಚನೆ. ಪಾಡ್‌ಕಾಸ್ಟಿಂಗ್ ಎಂಬ ಹೆಸರು 2004ರ ಫೆಬ್ರುವರಿಯಲ್ಲಿ ಗಾರ್ಡಿಯನ್ ಪತ್ರಿಕೆಯ ಒಂದು ಲೇಖನದಲ್ಲಿ ಕಾಣಿಸಿಕೊಂಡಿತು. 2005ರ ಜೂನ್‌ನಲ್ಲಿ ಆಪಲ್ ತನ್ನ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್‌ಗಳನ್ನು ಸೇರಿಸಿದಾಗ ಎರಡೇ ದಿನಗಳಲ್ಲಿ ಹತ್ತು ಲಕ್ಷ ಚಂದಾ ದಾಖಲಾದವು.

ಇನ್ನು ಕಡತದ ಸಂಗತಿ. ಅರ್ಧ ಗಂಟೆಯ ಧ್ವನಿಯನ್ನು ಸಿ.ಡಿ.ಯಲ್ಲಿರುವಂತೆ ಇದ್ದದ್ದು ಇದ್ದಂತೆ ಇಟ್ಟರೆ ಸುಮಾರು 317 ಎಂ.ಬಿ. ಜಾಗ ಬೇಕು. ಅದೇ ಅರ್ಧ ಗಂಟೆಯ ಮಾತು ಸೆಕೆಂಡಿಗೆ 64 ಕಿಲೋಬಿಟ್‌ನ ಎಂಪಿ3 ಆದರೆ ಹದಿನಾಲ್ಕೂವರೆ ಎಂ.ಬಿ.ಯೊಳಗೆ ಮುಗಿಯುತ್ತದೆ. ಉಳಿದದ್ದು ಎಲ್ಲಿ ಹೋಯಿತು? ನಮ್ಮ ಕಿವಿಗೆ ಹೇಗೂ ಕೇಳದ್ದನ್ನು ಎಂಪಿ3 ಬಿಟ್ಟುಬಿಡುತ್ತದೆ. ಮಿಕ್ಸಿ ತಿರುಗುವಾಗ ಪಕ್ಕದವರ ಪಿಸುಮಾತು ಕೇಳದು. ಜೋರಾದ ಸದ್ದು ತನ್ನ ಆಸುಪಾಸಿನ ಕಂಪನಾಂಕದ ಸಣ್ಣ ಸದ್ದುಗಳನ್ನು ಮುಚ್ಚಿಹಾಕುತ್ತದೆ. ಎಂಪಿ3 ತಂತ್ರಾಂಶ ಧ್ವನಿಯನ್ನು ಸುಮಾರು 26 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನಲ್ಲೂ ಯಾವುದು ಯಾವುದನ್ನು ಮುಚ್ಚುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಮುಚ್ಚಿಹೋದದ್ದಕ್ಕೆ ಜಾಗ ಕೊಡದೆ, ಕೇಳಿಸುವುದನ್ನಷ್ಟೇ ಜತನದಿಂದ ಬರೆದಿಡುತ್ತದೆ.

ಇದನ್ನು ರೂಪಿಸಿದವರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಪ್ರಮುಖರು. ಪರೀಕ್ಷೆಗೆ ಅವರು ಆರಿಸಿಕೊಂಡದ್ದು ಯಾವ ವಾದ್ಯವೂ ಇಲ್ಲದೆ ಸುಝಾನ್ ವೇಗಾ ಒಬ್ಬರೇ ಹಾಡಿದ ‘ಟಾಮ್ಸ್ ಡೈನರ್’ ಹಾಡನ್ನು. ಮೊದಮೊದಲು ಆ ದನಿ ಕೆಟ್ಟದಾಗಿ ಒಡೆದು ಕೇಳಿಸಿತು. ವಾದ್ಯಗಳ ಮೇಳದಲ್ಲಿ ತಪ್ಪು ಅಡಗಿಹೋಗಬಹುದು. ಒಂಟಿ ಕಂಠದಲ್ಲಿ ಅಡಗಲು ಮರೆಯಿಲ್ಲ. ಆ ಕಂಠ ಸರಿಯಾಗುವವರೆಗೂ ಅವರು ತಿದ್ದುತ್ತಲೇ ಹೋದರು. ಒಬ್ಬರೇ ಕೂತು ಮಾತಾಡುವ ಪಾಡ್‌ಕಾಸ್ಟ್ ಇಂದು ಇಷ್ಟು ಪುಟ್ಟ ಕಡತದಲ್ಲಿ ಸ್ಪಷ್ಟವಾಗಿ ಕೇಳುವುದಕ್ಕೆ ಆ ಶ್ರಮವೂ ಕಾರಣ.

ಹೊಸ ಕೇಳುಗರನ್ನು ಬೆರಗುಗೊಳಿಸುವ ಇನ್ನೊಂದು ಸೌಲಭ್ಯ ವೇಗ. ಕ್ಯಾಸೆಟ್ಟನ್ನು ಬೇಗ ಓಡಿಸಿದರೆ ದನಿ ಕೀರಲಾಗುತ್ತಿತ್ತು. ಆ್ಯಪ್‌ನಲ್ಲಿ ಒಂದೂವರೆ ಪಟ್ಟು ವೇಗ ಇಟ್ಟರೂ ಗಂಡಸಿನ ದನಿ ಗಂಡಸಿನದಾಗಿಯೇ ಉಳಿಯುತ್ತದೆ. ಸ್ವರಾಕ್ಷರ ಉಚ್ಚರಿಸುವಾಗ ಕಂಠದ ತಂತುಗಳು ಒಂದೇ ಬಗೆಯ ಅಲೆಯನ್ನು ಮತ್ತೆ ಮತ್ತೆ ಹೊಮ್ಮಿಸುತ್ತವೆ. ಸೆಕೆಂಡಿಗೆ 120 ಬಾರಿ ಕಂಪಿಸುವ ಕಂಠ ‘ಬಾಳೆ’ಯ ದೀರ್ಘವನ್ನು 150 ಮಿಲಿಸೆಕೆಂಡ್ ಎಳೆದರೆ 18 ಅಲೆಗಳು ಬರುತ್ತವೆ. ತಂತ್ರಾಂಶ ಆರು ಅಲೆಗಳನ್ನು ತೆಗೆದು, ಉಳಿದ 12ನ್ನು ಏರಿಳಿತ ಹೊಂದುವ ಕಡೆ ನಯವಾಗಿ ಬೆಸೆಯುತ್ತದೆ. ಅಲೆಯ ಆಕಾರ ಬದಲಾಗದ್ದರಿಂದ ಶ್ರುತಿ ಏರುವುದಿಲ್ಲ, ಹೊತ್ತು ಮಾತ್ರ ಕಡಿಮೆಯಾಗುತ್ತದೆ. ‘ಬಳೆ’ಯ ಹ್ರಸ್ವವೂ ಅದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಬಳೆ, ಬಾಳೆಗಳ ಅಂತರ ಅಳಿಯುವುದಿಲ್ಲ. ಮಾಹಿತಿಯ ಕಾರ್ಯಕ್ರಮಕ್ಕೆ ಇದು ಚೆನ್ನ. ನಾಟಕ, ಕಥೆ, ಸಂಗೀತವನ್ನು ಮಾತ್ರ ಅದರದೇ ನಡೆಯಲ್ಲಿ ಕೇಳಬೇಕು. ಅಲ್ಲಿ ಮೌನಕ್ಕೂ ಅರ್ಥವಿದೆ.

ಶುರು ಮಾಡುವುದು ಸುಲಭ. ಐಫೋನಿನಲ್ಲಿ ಆಪಲ್ ಪಾಡ್‌ಕಾಸ್ಟ್ಸ್ ಇದೆ. ಆ್ಯಂಡ್ರಾಯ್ಡ್‌ನಲ್ಲಿ ಆಂಟೆನಾಪಾಡ್ ಇದೆ: ಉಚಿತ, ಜಾಹೀರಾತಿಲ್ಲ, ಖಾತೆ ತೆರೆಯಬೇಕಿಲ್ಲ. ಹುಡುಕುವ ಜಾಗದಲ್ಲಿ ಇಷ್ಟದ ವಿಷಯವನ್ನೋ ‘ಕನ್ನಡ’ ಎಂದೋ ಬರೆಯಿರಿ. ಕನ್ನಡದಲ್ಲಿ ‘ತಲೆ-ಹರಟೆ’ಯಂಥ ದೀರ್ಘ ಮಾತುಕತೆಗಳಿವೆ, ಇಂಗ್ಲಿಷ್ ತಿಳಿದವರಿಗೆ ವಿದ್ವಾಂಸರನ್ನು ಕೂರಿಸಿ ಮಾತಾಡಿಸುವ ಬಿಬಿಸಿಯ ‘ಇನ್ ಅವರ್ ಟೈಮ್’ ಇದೆ. ಒಮ್ಮೆಲೇ ಇಪ್ಪತ್ತನ್ನು ಸೇರಿಸಿಕೊಂಡರೆ ಕೇಳದ ಕಂತುಗಳ ರಾಶಿಯೇ ಹೊರೆಯಾಗುತ್ತದೆ. ಎರಡು ಮೂರು ಸಾಕು. ಸೆಟಿಂಗ್ಸ್‌ನಲ್ಲಿ ಎರಡನ್ನು ಸರಿಮಾಡಿಕೊಳ್ಳಿ: ವೈಫೈ ಇದ್ದಾಗ ಮಾತ್ರ ಡೌನ್‌ಲೋಡ್ ಆಗಲಿ, ಕೇಳಿ ಮುಗಿದದ್ದು ತಾನಾಗಿ ಅಳಿಯಲಿ. ಡೇಟಾ ಪ್ಯಾಕ್ ಉಳಿಯುತ್ತದೆ, ಫೋನೂ ತುಂಬುವುದಿಲ್ಲ.

ಆ್ಯಪ್‌ಗಿಂತ ಫೀಡ್ ದೊಡ್ಡದು ಎಂಬುದಕ್ಕೆ 2024ರಲ್ಲಿ ಒಳ್ಳೆಯ ನಿದರ್ಶನ ಸಿಕ್ಕಿತು. ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪ್ ಅನ್ನು ಮುಚ್ಚಿತು. ಕೇಳುಗರು ತಮ್ಮ ಫೀಡ್ ವಿಳಾಸಗಳ ಪಟ್ಟಿಯನ್ನು ಒಪಿಎಂಎಲ್ ಎಂಬ ಚಿಕ್ಕ ಕಡತವಾಗಿ ಪಡೆದು ಬೇರೆ ಆ್ಯಪ್‌ಗೆ ಹಾಕಿಕೊಂಡರು. ಕಾರ್ಯಕ್ರಮಗಳು ಗೂಗಲ್‌ನ ವಶದಲ್ಲಿ ಇರಲೇ ಇಲ್ಲವಾದ್ದರಿಂದ ಒಂದೂ ಕಳೆದುಹೋಗಲಿಲ್ಲ.

ಇಂದು ಪಾಡ್‌ಕಾಸ್ಟ್ ಎಂದು ಕರೆಸಿಕೊಳ್ಳುವ ಎಷ್ಟೋ ಕಾರ್ಯಕ್ರಮಗಳು ಒಂದೇ ವಿಡಿಯೊ ತಾಣದಲ್ಲೋ ಒಂದೇ ಆ್ಯಪ್‌ನಲ್ಲೋ ಸಿಗುತ್ತವೆ. ಅವುಗಳಿಗೆ ಎಲ್ಲರೂ ಬಳಸಬಹುದಾದ ಫೀಡ್ ಇಲ್ಲ. ಆ ತಾಣ ನಿಯಮ ಬದಲಿಸಿದ ದಿನ ಕೇಳುಗರ ಸಂಬಂಧವೂ ಕಡಿದುಹೋದೀತು. ಮೆಚ್ಚಿದ ಕಾರ್ಯಕ್ರಮಕ್ಕೆ ಆರ್‌ಎಸ್‌ಎಸ್ ವಿಳಾಸ ಉಂಟೇ ಎಂದು ಕೇಳುವುದನ್ನು ಕೇಳುಗರು ರೂಢಿಸಿಕೊಳ್ಳಬೇಕು. ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡುವವರು ಅದನ್ನು ಮರೆಯದೆ ಕೊಡಬೇಕು. ರೇಡಿಯೊ ಕೇಂದ್ರಕ್ಕೆ ಪರವಾನಗಿಯೂ ತರಂಗಾಂತರವೂ ಬೇಕು. ಫೀಡ್ ತೆರೆಯಲು ಯಾರ ಅಪ್ಪಣೆಯೂ ಬೇಡ. ಊರಿನ ಮೇಷ್ಟರೊಬ್ಬರು ಫೋನಿನಲ್ಲಿ ಧ್ವನಿಮುದ್ರಿಸಿದ ಪಾಠ ದೂರದ ನಗರದ ಕನ್ನಡಿಗರಿಗೂ, ಸಿಗ್ನಲ್ ಸಿಗದ ಮಲೆನಾಡಿನ ಮನೆಯಲ್ಲಿ ಮೊದಲೇ ಇಳಿಸಿಟ್ಟುಕೊಂಡವರಿಗೂ ಒಂದೇ ರೀತಿ ತಲುಪಬಲ್ಲದು. ಇಷ್ಟು ಸಮನಾಗಿ ಹಂಚಿಕೆಯಾಗುವ ಮಾಧ್ಯಮ ಕೈಯಲ್ಲಿರುವಾಗ ಅದನ್ನು ತೆರೆದೇ ಇಟ್ಟುಕೊಳ್ಳುವ ಹೊಣೆ ಮಾಡುವವರದ್ದೂ ಹೌದು, ಕೇಳುವವರದ್ದೂ ಹೌದು.